ಅಡುಗೆಮನೆ ಪ್ರಶ್ನೋತ್ತರ: ಮೆಕ್ಸಿಕನ್ ಒರೆಗಾನೋ, ಮಸಾಲೆ ಪ್ರಯೋಗ ಮತ್ತು ನನ್ನ ಕಹಿ ಬೀನ್ಸ್

ಹೋದ ಸಂಚಿಕೆಯಲ್ಲಿ ಮೆಕ್ಸಿಕೋದ ಪೊಸೊಲೆ ಬಗ್ಗೆ ಬರೆದಿದ್ನಲ್ಲ, ಅದೇ ಸುಣ್ಣದ ನೀರಲ್ಲಿ ಬೇಯಿಸಿದ ದಪ್ಪ ಮುಸುಕಿನ ಜೋಳದ ಸೂಪು, ಅದರ ಕೊನೇಲಿ "ಮೇಲಿಂದ ಮೆಕ್ಸಿಕನ್ ಒರೆಗಾನೋ ಉದುರಿಸಿ" ಅಂತ ಒಂದೇ ಒಂದು ಸಾಲು ಹಾಕಿ ಸುಮ್ಮನಾಗಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೇ! ಪೊಸೊಲೆ ಪಾಪ ಮೂಲೆಗೆ ಬಿತ್ತು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಒರೆಗಾನೋಗೇ ಬಿಟ್ಟುಕೊಟ್ಟಿದೀನಿ, ಜೊತೆಗೆ ಮನೇಲೇ ಮೆಕ್ಸಿಕನ್ ಮಸಾಲೆ ಕಲಸಿ ಕೈ ಸುಟ್ಕೊಂಡವರ ಪ್ರಶ್ನೆಗಳೂ ಇವೆ.

ಮೇಡಂ, ಪಿಜ್ಜಾ ಜೊತೆ ಪುಟ್ಟ ಪ್ಯಾಕೆಟಲ್ಲಿ ಬರೋ ಒರೆಗಾನೋನೂ ಈ ಮೆಕ್ಸಿಕನ್ ಒರೆಗಾನೋನೂ ಒಂದೇ ತಾನೆ? ಸುಮ್ನೆ ಹೆಸರು ಬದಲಾಯಿಸಿ ಮಾರ್ತಾರೇನೋ ಅಂತ ನನ್ನ ಅನುಮಾನ.

ನಿಮ್ಮ ಅನುಮಾನ ನಂಗೂ ಮೊದಲು ಇತ್ತು, ಆದ್ರೆ ಇಲ್ಲ, ಎರಡೂ ಬೇರೆ ಬೇರೆ ಗಿಡ, ದೂರದ ನೆಂಟರು ಅಂತ ಹೇಳೋಕೂ ಕಷ್ಟ. ಪಿಜ್ಜಾದ್ದು ಮೆಡಿಟರೇನಿಯನ್ ಕಡೆಯ ಒರಿಗಾನಮ್ ವಲ್ಗೇರ್, ಪುದೀನ ತುಳಸಿ ಇರೋ ಕುಟುಂಬ. ಮೆಕ್ಸಿಕನ್ದು ಲಿಪ್ಪಿಯಾ ಗ್ರಾವಿಯೋಲೆನ್ಸ್, ಅದು ವರ್ಬಿನಾ ಕುಟುಂಬ, ಅಂದ್ರೆ ಬೇಲಿಯಲ್ಲಿ ಬೆಳೆಯೋ ಲಂಟಾನ ಇದ್ಯಲ್ಲ ಅದಕ್ಕೆ ಹತ್ತಿರದ್ದು (ಹಾಗಂತ ಲಂಟಾನ ಎಲೆ ಕಿತ್ತು ಅಡುಗೆಗೆ ಹಾಕೋಕೆ ಹೋಗ್ಬೇಡಿ ದಯವಿಟ್ಟು, ಅದು ವಿಷ). ಗ್ರಾವಿಯೋಲೆನ್ಸ್ ಅಂದ್ರೆ ಲ್ಯಾಟಿನ್‌ನಲ್ಲಿ "ಗಾಢ ವಾಸನೆಯದ್ದು" ಅಂತ ಅರ್ಥ, ಡಬ್ಬಿ ಮುಚ್ಚಳ ತೆಗೆದವರಿಗೆ ಆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳೋದು ಬೇಡ.

ಹಂಗಾದ್ರೆ ಒಂದೇ ಹೆಸರು ಯಾಕೆ ಅಂದ್ರೆ, 16ನೇ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋಗೆ ಬಂದಾಗ ಅಲ್ಲಿನ ಕಾಡುಪೊದೆಯ ಎಲೆ ಮೂಸಿ ನೋಡಿ "ಅರೆ ಇದು ನಮ್ಮ ಒರೆಗಾನೋ ಥರಾನೇ ಇದೆ" ಅಂತ ಊರಲ್ಲಿ ಬಿಟ್ಟುಬಂದ ಹೆಸರನ್ನೇ ಅದಕ್ಕೂ ಇಟ್ರು. ಮೂಗು ಏನೂ ಸುಳ್ಳು ಹೇಳಿರ್ಲಿಲ್ಲ. ಎರಡೂ ಗಿಡದ ಎಣ್ಣೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಅನ್ನೋ ಅವೇ ಘಾಟಿನ ಅಂಶಗಳಿವೆ (ಓಂಕಾಳು ಜಜ್ಜಿದಾಗ ಮೂಗಿಗೆ ಹೊಡೆಯೋದು ಥೈಮಾಲೇ). ನನ್ನ ಲೆಕ್ಕದಲ್ಲಿ ಒರೆಗಾನೋ ಅನ್ನೋದು ಒಂದು ಗಿಡದ ಹೆಸರೇ ಅಲ್ಲ, ಒಂದು ವಾಸನೆಯ ಹೆಸರು. ಮೆಕ್ಸಿಕೋದ ಉತ್ತರದಲ್ಲೇ ಪೊಲಿಯೋಮಿಂಥಾ ಅನ್ನೋ ಇನ್ನೊಂದು ಪೊದೆಗೂ ಒರೆಗಾನೋ ಅಂತಾರೆ. ಕ್ಯೂಬನ್ ಒರೆಗಾನೋ ಅಂತ ಕರೆಯೋದು ದೊಡ್ಡಪತ್ರೆಯನ್ನ, ಅದೂ ಬೇರೆಯೇ ಗಿಡ.

ರುಚಿಯ ವ್ಯತ್ಯಾಸ ಹೇಳ್ಬೇಕು ಅಂದ್ರೆ, ಮೆಡಿಟರೇನಿಯನ್ ಒರೆಗಾನೋದಲ್ಲಿ ಹಿಂದೆ ಒಂದು ಸಣ್ಣ ಪುದೀನದ ಸಿಹಿ ಇರುತ್ತೆ, ಟೊಮ್ಯಾಟೋ ಚೀಸ್ ಆಲಿವ್ ಎಣ್ಣೆ ಜೊತೆ ಅದು ಚೆನ್ನಾಗಿ ಹೊಂದುತ್ತೆ. ಮೆಕ್ಸಿಕನ್ ಒರೆಗಾನೋದಲ್ಲಿ ಆ ಸಿಹಿ ಇಲ್ಲ, ಅದರ ಬದಲು ನಿಂಬೆಸಿಪ್ಪೆಯ ಥರ ಒಂದು ಹುಳಿ ವಾಸನೆ, ಒಣ ಹುಲ್ಲು, ಸ್ವಲ್ಪ ಮಣ್ಣು. ಒಣಮೆಣಸಿನಕಾಯಿ, ನಿಂಬೆಹುಳಿ, ಬೀನ್ಸು, ಮಾಂಸ ಇವುಗಳ ಪಕ್ಕ ಪುದೀನದ ಸಿಹಿ ಬಂದ್ರೆ ಏನೋ ಟೂತ್‌ಪೇಸ್ಟ್ ಆಚೀಚೆ ಆದಂಗೆ ಇರುತ್ತೆ, ಮೆಕ್ಸಿಕನ್ ಒರೆಗಾನೋ ಆದ್ರೆ ಅಲ್ಲೇ ಹುಟ್ಟಿ ಬೆಳೆದವರ ಥರ ಕೂತ್ಕೊಳ್ಳುತ್ತೆ. ನಿಜಕ್ಕೂ ಅಲ್ಲೇ ಹುಟ್ಟಿದ್ದು ತಾನೆ. ಚಿಹುವಾಹುವಾ, ಡುರಾಂಗೊ, ಕೊಅವಿಲಾ, ತಮೌಲಿಪಾಸ್ ಅಂತ ಮಳೆ ಕಮ್ಮಿ ಬೀಳೋ ರಾಜ್ಯಗಳಲ್ಲಿ ಇದರ ಬಹುಪಾಲು ಇವತ್ತಿಗೂ ಹೊಲದಲ್ಲಲ್ಲ, ಗುಡ್ಡದಲ್ಲಿ ತಾನಾಗೇ ಬೆಳೆದ ಪೊದೆಯಿಂದ ಮಳೆಗಾಲದಲ್ಲಿ ಕೊಯ್ದು ತರೋದು.

ಸಿಗ್ತಾ ಇಲ್ಲ. ಬದಲಿಗೆ ಏನು ಹಾಕ್ಲಿ?

ಮರುಗ, ಅಂದ್ರೆ ಮಾರ್ಜೋರಮ್, ಒಣಗಿಸಿದ್ದು ಇದ್ರೆ ಅದು, ಜೊತೆಗೆ ನಿಂಬೆಸಿಪ್ಪೆ ಒಂದು ಚಿಟಿಕೆ ತುರಿದು ಹಾಕಿ, ಹತ್ತಿರ ಬರುತ್ತೆ. ಮಾಮೂಲಿ ಒರೆಗಾನೋನೇ ಇರೋದು ಅಂದ್ರೆ ಅಳತೆ ಸ್ವಲ್ಪ ಇಳಿಸಿ, ಎರಡು ಮೂರು ಧನಿಯ ಕಾಳು ಹುರಿದು ಕುಟ್ಟಿ ಸೇರಿಸಿ, ಧನಿಯದಲ್ಲಿ ಆ ಸಿಟ್ರಸ್ ವಾಸನೆ ಇದೆ. ದೊಡ್ಡಪತ್ರೆ, ಓಂಕಾಳು ಎರಡೂ ಬೇಡ ಅಂತೀನಿ ನಾನು, ಹಾಕಿದ ಮೇಲೆ ಬೇರೆ ಯಾವ ಮಸಾಲೆಗೂ ಬಾಯಿ ಬಿಡೋಕೆ ಅವು ಬಿಡಲ್ಲ. ಇನ್ನು ಅಡುಗೆಯಲ್ಲಿ ಇದರ ಪಾತ್ರ ಅರ್ಧ ಚಮಚದ್ದು ಅಂದ್ರೆ ಏನೂ ಹಾಕದೆ ಬಿಡೋದೂ ಒಂದು ದಾರಿ, ಆಕಾಶ ಏನೂ ಬೀಳಲ್ಲ.

ಅಕ್ಕಾ ನಾನು ಬ್ಲ್ಯಾಕ್ ಬೀನ್ಸ್ ಮಾಡಿ ಕೊನೇಲಿ ಎರಡು ಚಮಚ ಮೆಕ್ಸಿಕನ್ ಒರೆಗಾನೋ ಪುಡಿ ಹಾಕಿದೆ, ಪೂರ್ತಿ ಕಷಾಯ ಆಗ್ಬಿಡ್ತು. ಮನೇಲಿ ಯಾರೂ ಮುಟ್ಟಲಿಲ್ಲ. ಇದನ್ನ ಯಾವಾಗ ಹಾಕ್ಬೇಕು, ಎಷ್ಟು ಹಾಕ್ಬೇಕು ಸ್ವಲ್ಪ ಸರಿಯಾಗಿ ಹೇಳಿ.

ನಿಮ್ಮ ಪತ್ರ ಓದಿ ನಗು ಬಂತು, ಯಾಕಂದ್ರೆ ಇದೇ ಬೀನ್ಸ್ ನಾನೂ ಮಾಡಿದೀನಿ. ಮೊದಲನೇ ಸಲ ಪ್ಯಾಕೆಟ್ ತಂದಾಗ ಎಲೆ ಉದ್ದುದ್ದ ಕಡ್ಡಿಕಡ್ಡಿ ಇದೆ ಅಂತ ಇಡೀ ಪ್ಯಾಕೆಟ್ ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿ ಡಬ್ಬಿ ತುಂಬಿಸಿಟ್ಟೆ, ಜಾಣತನ ಮಾಡಿದೆ ಅಂದ್ಕೊಂಡು. ರೆಸಿಪಿಯಲ್ಲಿ ಒಂದು ಟೇಬಲ್ ಸ್ಪೂನ್ ಅಂತಿತ್ತು, ಒಂದು ಟೇಬಲ್ ಸ್ಪೂನ್ ಪುಡಿ ಸುರಿದೆ. ಕಹಿ ಅಂದ್ರೆ ಕಹಿ, ನಾಲಿಗೆ ತುದಿ ಸಣ್ಣಗೆ ಮರಗಟ್ಟಿದಂಗೆ ಬೇರೆ ಆಯ್ತು. ಆಮೇಲೆ ತಕ್ಕಡಿಯಲ್ಲಿ ಇಟ್ಟು ನೋಡಿದಾಗ ಗೊತ್ತಾಯ್ತು, ಒಂದು ಟೀ ಸ್ಪೂನ್ ಒಣ ಎಲೆ ತೂಗಿದ್ರೆ ಸುಮಾರು 1 ಗ್ರಾಂ, ಅದೇ ಟೀ ಸ್ಪೂನ್ ನುಣ್ಣನೆ ಪುಡಿ ಹೆಚ್ಚುಕಡಿಮೆ ಅದರ ಎರಡರಷ್ಟು. ರೆಸಿಪಿ ಬರೆದವರು ಎಲೆ ಲೆಕ್ಕ ಹೇಳಿದ್ರು, ನಾನು ಪುಡಿ ಲೆಕ್ಕ ಹಾಕಿದ್ದೆ. ಬಹುಶಃ ನಿಮ್ಮಲ್ಲೂ ಅದೇ ಆಗಿದೆ. ಎರಡು ಚಮಚ ಅನ್ನೋದು ಎಲೆ ಲೆಕ್ಕದಲ್ಲೂ ಜಾಸ್ತಿಯೇ ಬಿಡಿ. ಕಾಲು ಕೆಜಿ ಒಣ ಬೀನ್ಸ್‌ಗೆ ಒಂದು ಟೀ ಸ್ಪೂನ್ ಎಲೆ ಸಾಕು, ಬೇಕಾದ್ರೆ ಆಮೇಲೆ ಕಾಲು ಚಮಚ ಸೇರಿಸಬಹುದು. ತೆಗೆಯೋಕೆ ಮಾತ್ರ ಆಗಲ್ಲ.

ಎಲೆಯನ್ನ ಎಲೆಯಾಗೇ ಇಟ್ಟಿರಿ. ಬೇಕಾದಾಗ ಅಂಗೈ ಮೇಲೆ ಹಾಕ್ಕೊಂಡು ಇನ್ನೊಂದು ಅಂಗೈಯಿಂದ ಪಾತ್ರೆ ಮೇಲೇ ಉಜ್ಜಿ ಉದುರಿಸಿ, ಮೆಕ್ಸಿಕೋದಲ್ಲಿ ಊಟದ ಮೇಜಲ್ಲೂ ಹೀಗೇ ಮಾಡೋದು. ವಾಸನೆ ಎಣ್ಣೆ ಎಲೆಯ ಸಣ್ಣ ಸಣ್ಣ ಗ್ರಂಥಿಗಳಲ್ಲಿ ಕೂತಿರುತ್ತೆ, ಉಜ್ಜಿದಾಗ ಅದು ಒಡೆಯುತ್ತೆ, ಮಿಕ್ಸಿಯಲ್ಲಿ ಮುಂಚೆಯೇ ಒಡೆದು ಇಟ್ಟುಬಿಟ್ರೆ ಡಬ್ಬಿಯೊಳಗೇ ಗಾಳಿಗೆ ಹೋಗ್ಬಿಡುತ್ತೆ. ಉಜ್ಜುವಾಗ ಕೈಗೆ ಸಿಗೋ ಕಡ್ಡಿ ಎತ್ತಿ ಬಿಸಾಕಿ, ಅದರಲ್ಲಿ ಒಗರು ಬಿಟ್ರೆ ಇನ್ನೇನೂ ಇಲ್ಲ.

ಯಾವಾಗ ಹಾಕೋದು ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಕಾರ್ವಕ್ರಾಲ್ ನೀರಲ್ಲಿ ಸರಿಯಾಗಿ ಕರಗಲ್ಲ, ಎಣ್ಣೆ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತೆ. ಅದಕ್ಕೇ ಬೀನ್ಸು, ಮಾಂಸದ ಗ್ರೇವಿ, ಟೊಮ್ಯಾಟೋ ಸಾಲ್ಸಾ ಕುದಿಸೋದು ಇವಕ್ಕೆಲ್ಲ ಈರುಳ್ಳಿ ಬೆಳ್ಳುಳ್ಳಿ ಬಾಡಿದ ಮೇಲೆ ಅದೇ ಎಣ್ಣೆಗೆ ಹಾಕಿ ಹತ್ತು ಹದಿನೈದು ಸೆಕೆಂಡಲ್ಲಿ ಟೊಮ್ಯಾಟೋ ಇಲ್ಲಾ ನೀರು ಸುರಿದುಬಿಡಿ, ಘಾಟು ಇಡೀ ಪಾತ್ರೆಗೆ ಹರಡಿ ಮೆತ್ತಗಾಗುತ್ತೆ. ನೀವು ಕೊನೇಲಿ ನೀರಿನ ಮೇಲೆ ಹಾಕಿದ್ರಲ್ಲ, ಅದು ಮೇಲೇ ತೇಲಿ ನೇರ ನಾಲಿಗೆಗೆ ಬಂತು. ಪೊಸೊಲೆಗೆ ಮಾತ್ರ ಬೇಕಂತಲೇ ಕೊನೇಲಿ ಹಾಕೋದು, ಒಬ್ಬೊಬ್ಬರು ಅವರವರ ಬಟ್ಟಲಿಗೆ ಒಂದೊಂದು ಚಿಟಿಕೆ, ಮೂಲಂಗಿ ಕೋಸು ಈರುಳ್ಳಿ ನಿಂಬೆಹಣ್ಣಿನ ಜೊತೆ. ಅಲ್ಲಿ ಬೇಕಾಗಿರೋದೇ ಆ ಹಸಿ ಘಾಟು, ಬಿಸಿ ಸೂಪಿನ ಹಬೆಗೆ ವಾಸನೆ ಎದ್ದು ಮೊದಲ ಚಮಚ ಬಾಯಿಗೆ ಹೋಗೋ ಮುಂಚೆಯೇ ಮೂಗಿಗೆ ಬರಬೇಕು.

ಹುರೀಬೇಕಾ ಅಂತಲೂ ಕೆಲವರು ಕೇಳಿದೀರಿ. ಕೊಮಾಲ್ ಅಂತಾರೆ ಅಲ್ಲಿನ ಚಪ್ಪಟೆ ಕಾವಲಿಗೆ, ಅದರ ಮೇಲೆ ಸಣ್ಣ ಉರಿಯಲ್ಲಿ ಅರ್ಧ ನಿಮಿಷ ಆಡಿಸಿದ್ರೆ ಹುಲ್ಲಿನ ವಾಸನೆ ಹೋಗಿ ಒಂದು ಸಣ್ಣ ಹೊಗೆ ರುಚಿ ಬರುತ್ತೆ. ಬಣ್ಣ ಬದಲಾದ್ರೆ ಮುಗೀತು, ಸುಟ್ಟ ಒರೆಗಾನೋ ಯಾವ ಅಡುಗೆಗೂ ಬರಲ್ಲ, ಚೆಲ್ಲಿಬಿಡಿ.

ಡಬ್ಬಿ ಚಿಲ್ಲಿ ಪೌಡರ್ ಬಿಟ್ಟು ಮನೇಲೇ ಮಾಡೋಣ ಅಂತ ಆಂಚೊ, ಗ್ವಾಹಿಯೊ ಎರಡೂ ಮೆಣಸಿನಕಾಯಿ ತರಿಸಿದೀನಿ. ಅಳತೆ ಕೊಡಿ. ಮೂರು ಸಲ ಮಾಡಿದೆ, ಮೂರು ಸಲಾನೂ ಬೇರೆ ಬೇರೆ ರುಚಿ ಬಂತು, ಯಾವುದು ಚೆನ್ನಾಗಿತ್ತು ಅಂತ ನೆನಪೂ ಇಲ್ಲ.

ಮೊದಲು ಒಂದು ವಿಷಯ. ಜೀರಿಗೆ, ಒರೆಗಾನೋ, ಬೆಳ್ಳುಳ್ಳಿ ಎಲ್ಲ ಬೆರೆಸಿದ ಈ "ಚಿಲ್ಲಿ ಪೌಡರ್" ಮೆಕ್ಸಿಕೋದ ಅಡುಗೆಮನೆಯಿಂದ ಬಂದಿದ್ದಲ್ಲ, ಟೆಕ್ಸಸ್‌ನದ್ದು. 1890ರ ದಶಕದಲ್ಲಿ ಅಲ್ಲಿನ ವಿಲಿಯಂ ಗೆಬ್‌ಹಾರ್ಟ್ ಅನ್ನೋ ಜರ್ಮನ್ ಮೂಲದವರು ವರ್ಷಪೂರ್ತಿ ಮೆಣಸಿನಕಾಯಿ ಸಿಗಲ್ಲ ಅಂತ ಒಣಗಿಸಿ ಪುಡಿ ಮಾಡಿ ಬಾಟಲಿಯಲ್ಲಿ ಮಾರೋಕೆ ಶುರು ಮಾಡಿದ್ರು, ಚಿಲ್ಲಿ ಕಾನ್ ಕಾರ್ನೆಗೆ, ಅಂದ್ರೆ ಮೆಣಸಿನಕಾಯಿ ಹಾಕಿ ಬೇಯಿಸೋ ಮಾಂಸದ ಗ್ರೇವಿಗೆ, ಬೇಕಾದ್ದು ಅದು. ಮೆಕ್ಸಿಕೋದಲ್ಲಿ ಮೆಣಸಿನಕಾಯಿ ನೆನೆಸಿ ಅರೆದು ಆಯಾ ಅಡುಗೆಗೆ ಆವತ್ತೇ ಮಸಾಲೆ ಮಾಡೋದು ಜಾಸ್ತಿ. ಇದು ತಪ್ಪು ಅದು ಸರಿ ಅಂತಲ್ಲ, ಯಾವುದನ್ನ ಮಾಡ್ತಿದೀವಿ ಅಂತ ಗೊತ್ತಿದ್ರೆ ಅಳತೆ ಹಾಕೋಕೆ ಸುಲಭ.

ನನ್ನ ಅಳತೆ ಇದು, ಎಲ್ಲ ಗ್ರಾಂ ಲೆಕ್ಕ, ಚಮಚ ಲೆಕ್ಕ ಯಾಕೆ ಬೇಡ ಅಂತ ಮೇಲೇ ಹೇಳಿದೀನಿ. ಆಂಚೊ 30, ಗ್ವಾಹಿಯೊ 15, ಜೀರಿಗೆ 6, ಬೆಳ್ಳುಳ್ಳಿ ಪುಡಿ 6, ಮೆಕ್ಸಿಕನ್ ಒರೆಗಾನೋ 4. ಖಾರ ಬೇಕು ಅಂದ್ರೆ ಆರ್ಬೋಲ್ ಮೆಣಸಿನಕಾಯಿ 2, ಹೊಗೆ ರುಚಿ ಬೇಕು ಅಂದ್ರೆ ಗ್ವಾಹಿಯೊದಲ್ಲಿ 5 ಕಮ್ಮಿ ಮಾಡಿ ಚಿಪೋಟ್ಲೆ 5 ಹಾಕಿ. ಆಂಚೊ ಅಂದ್ರೆ ಪೊಬ್ಲಾನೊ ಮೆಣಸಿನಕಾಯಿ ಹಣ್ಣಾಗಿ ಒಣಗಿದ್ದು, ಒಣದ್ರಾಕ್ಷಿ ಥರ ಸಿಹಿ, ಖಾರ ಕಮ್ಮಿ, ಮಸಾಲೆಗೆ ಮೈ ಕೊಡೋದು ಅದು. ಗ್ವಾಹಿಯೊ ತೆಳು, ಸ್ವಲ್ಪ ಹುಳಿ, ಬಣ್ಣ ಅದರಿಂದ. ಚಿಪೋಟ್ಲೆ ಹೊಗೆಯಲ್ಲಿ ಒಣಗಿಸಿದ ಹಾಲಪೆನ್ಯೊ. ಮೆಣಸಿನಕಾಯಿ ಬೀಜ ತೊಟ್ಟು ತೆಗೆದು ಕಾವಲಿ ಮೇಲೆ ಘಮ್ ಅನ್ನೋವರೆಗೆ ಮಾತ್ರ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಆಂಚೊ ಮೆತ್ತಗೆ ಚರ್ಮದ ಥರ ಇರುತ್ತೆ, ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿದ್ರೆ ಅಂಟು ಆಗಿ ಬ್ಲೇಡ್‌ಗೆ ಸುತ್ತಿಕೊಳ್ಳುತ್ತೆ. ಒರೆಗಾನೋ ಮಿಕ್ಸಿಗೆ ಬೇಡ, ಕೊನೇಲಿ ಕೈಯಲ್ಲಿ ಉಜ್ಜಿ ಕಲಸಿ.

ಉಪ್ಪು? ಹಾಕಲೇಬೇಡಿ. ಉಪ್ಪು ಸೇರಿಸಿದ ಮಸಾಲೆ ಇನ್ನೊಂದು ಚಮಚ ಬೇಕು ಅನ್ಸಿದ್ರೂ ಹಾಕೋಕೆ ಆಗಲ್ಲ, ಅಡುಗೆ ಉಪ್ಪಾಗಿಬಿಡುತ್ತೆ.

ಮೂರು ಸಲ ಮೂರು ರುಚಿ ಅಂದ್ರಲ್ಲ, ಅದರ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಮಸಾಲೆ ಪ್ರಯೋಗ ಮಾಡೋ ನೂರಕ್ಕೆ ತೊಂಬತ್ತು ಜನ ಇಲ್ಲೇ ಎಡವೋದು (ತೊಂಬತ್ತು ಅನ್ನೋದು ನನ್ನ ಬಾಯಿಲೆಕ್ಕ, ಯಾರೂ ಎಣಿಸಿಲ್ಲ). ಒಂದೇ ಸಲಕ್ಕೆ ಜೀರಿಗೆ ಜಾಸ್ತಿ ಮಾಡಿ, ಚಿಪೋಟ್ಲೆ ಸೇರಿಸಿ, ಒರೆಗಾನೋ ಕಮ್ಮಿ ಮಾಡಿ ಅಂತ ಮೂರು ಕಡೆ ಕೈ ಹಾಕಿದ್ರೆ ರುಚಿ ಯಾವುದರಿಂದ ಬಂತು ಅಂತ ಯಾವ ದೇವರೂ ಹೇಳಲ್ಲ. ಮೂಲ ಮಸಾಲೆ ಒಂದು ಮಾಡಿ, ಅದನ್ನ ಮೂರು ಸಣ್ಣ ಬಟ್ಟಲಿಗೆ ಹತ್ತತ್ತು ಗ್ರಾಂ ಹಾಕಿ. ಒಂದು ಹಾಗೇ ಇರಲಿ. ಇನ್ನೊಂದಕ್ಕೆ ಅರ್ಧ ಗ್ರಾಂ ಒರೆಗಾನೋ ಜಾಸ್ತಿ. ಮೂರನೇದಕ್ಕೆ ಅರ್ಧ ಗ್ರಾಂ ಜೀರಿಗೆ ಜಾಸ್ತಿ. ಬಟ್ಟಲ ಕೆಳಗೆ ಚೀಟಿ ಬರೆದಿಡಿ, ನೆನಪಿರುತ್ತೆ ಅಂದ್ಕೋಬೇಡಿ, ಇರಲ್ಲ.

ಆಮೇಲೆ ಒಣ ಪುಡಿ ನೆಕ್ಕಿ ರುಚಿ ನೋಡ್ಬೇಡಿ! ಒಣ ಪುಡಿಯಲ್ಲಿ ಗೊತ್ತಾಗೋದು ಕಹಿ ಮತ್ತು ಖಾರ ಎರಡೇ, ಉಳಿದ ರುಚಿ ಇನ್ನೂ ಮಲಗಿರುತ್ತೆ. ಒಂದು ಚಮಚ ಎಣ್ಣೆ ಬೆಚ್ಚಗೆ ಮಾಡಿ ಅರ್ಧ ಚಮಚ ಮಸಾಲೆ ಹಾಕಿ, ಬೇಯಿಸಿ ಮಸೆದ ಆಲೂಗಡ್ಡೆ ಎರಡು ಮೂರು ಚಮಚ ಸೇರಿಸಿ, ಚಿಟಿಕೆ ಉಪ್ಪು, ಎರಡು ಹನಿ ನಿಂಬೆರಸ. ಆಲೂಗಡ್ಡೆಗೆ ತನ್ನದು ಅಂತ ಹೆಚ್ಚು ರುಚಿ ಇಲ್ಲ, ಹಾಗಾಗಿ ಮಸಾಲೆ ನಿಚ್ಚಳವಾಗಿ ಗೊತ್ತಾಗುತ್ತೆ. ನಿಂಬೆರಸ ಹಾಕೋ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ನೋಡಿ, ಮೆಕ್ಸಿಕನ್ ಒರೆಗಾನೋ ಹುಳಿ ಬಿದ್ದ ಮೇಲೆ ಹೆಂಗೆ ಎದ್ದು ಕೂರುತ್ತೆ ಅಂತ ನಿಮಗೇ ತಿಳಿಯುತ್ತೆ, ನಂಗೆ ಇದರಲ್ಲಿ ಅತಿ ಖುಷಿ ಕೊಡೋ ಘಳಿಗೆ ಅದೇ. ಮೂರು ಬಟ್ಟಲು ನೋಡೋಷ್ಟರಲ್ಲಿ ನಾಲಿಗೆ ಸುಸ್ತಾಗುತ್ತೆ, ನಾಲ್ಕನೇದು ನಾಳೆಗೆ.

ಜೀರಿಗೆ ಎಷ್ಟು ಹಾಕಿದ್ರೂ ಮೆಕ್ಸಿಕನ್ ರುಚಿ ಬರ್ತಿಲ್ಲ.

ಅದಕ್ಕೇ ಬರ್ತಿಲ್ಲ. ಜೀರಿಗೆ ಸುರಿಯೋದು ಟೆಕ್ಸ್-ಮೆಕ್ಸ್ (ಟೆಕ್ಸಸ್ ಶೈಲಿಯ ಮೆಕ್ಸಿಕನ್ ಅಡುಗೆ) ಅಭ್ಯಾಸ, ಮೆಕ್ಸಿಕೋದಲ್ಲಿ ಅದು ಹಿಂದೆ ಎಲ್ಲೋ ಸಣ್ಣಗೆ ಕೇಳಿಸಬೇಕಾದ ದನಿ. ಅರ್ಧಕ್ಕೆ ಇಳಿಸಿ, ಒಳ್ಳೆ ಒಣಮೆಣಸಿನಕಾಯಿಗೆ ಗಮನ ಕೊಡಿ.

ಯುಕಟಾನ್ ಕಡೆಯ ಕೆಂಪು ರೆಕಾಡೊ ಮಾಡಿದೆ, ಕೆಂಪು ಬಣ್ಣ ಕೊಡೋ ಅಚಿಯೋಟೆ (ಅನ್ನಾಟೊ) ಬೀಜ ರುಬ್ಬಿ. ಬಣ್ಣ ಸೂಪರ್, ರುಚಿ ಮಾತ್ರ ಮಣ್ಣು ತಿಂದಂಗೆ, ಮೇಲಿಂದ ಲವಂಗದ ಘಾಟು. ಎಲ್ಲಿ ತಪ್ಪಾಯ್ತು?

ರೆಕಾಡೊ ಗೊತ್ತಿಲ್ಲದವರಿಗೆ: ಮೆಕ್ಸಿಕೋದ ಆಗ್ನೇಯದಲ್ಲಿರೋ ಯುಕಟಾನ್‌ನಲ್ಲಿ ಮಸಾಲೆ ಪುಡಿಗಿಂತ ಅರೆದ ಮುದ್ದೆಯೇ ಜಾಸ್ತಿ ಬಳಕೆ, ಅದಕ್ಕೆ ರೆಕಾಡೊ ಅಂತಾರೆ. ಕೆಂಪು, ಕಪ್ಪು ಎಲ್ಲ ಇದೆ. ಕೆಂಪು ಮುದ್ದೆಯನ್ನ ಹಂದಿಮಾಂಸಕ್ಕೆ ಹಚ್ಚಿ ಬಾಳೆಎಲೆ ಸುತ್ತಿ ನೆಲದೊಳಗಿನ ಒಲೆಯಲ್ಲಿ ಹೂತಿಟ್ಟು ಬೇಯಿಸಿದ್ದೇ ಕೊಚಿನಿತಾ ಪಿಬಿಲ್.

ಮೊದಲು ಲವಂಗ. ಎರಡು ಟೇಬಲ್ ಸ್ಪೂನ್ ಅಚಿಯೋಟೆ ಬೀಜಕ್ಕೆ ಲವಂಗ ಮೂರೇ ಮೂರು. ಜೊತೆಗೆ ಕಾಳುಮೆಣಸು ಒಂದು ಟೀ ಸ್ಪೂನ್, ಮೆಕ್ಸಿಕನ್ ಒರೆಗಾನೋ ಒಂದು ಟೀ ಸ್ಪೂನ್, ಜೀರಿಗೆ ಅರ್ಧ, ಆಲ್‌ಸ್ಪೈಸ್ ನಾಲ್ಕೈದು ಕಾಳು, ಬೆಳ್ಳುಳ್ಳಿ ಆರು ಎಸಳು, ಉಪ್ಪು. ಅರೆಯೋಕೆ ನೀರು ಹಾಕಿದ್ರಾ? ಅಲ್ಲೇ ಆಗಿರೋದು ಮಣ್ಣಿನ ರುಚಿ ಅಂತ ನನ್ನ ಅನುಮಾನ. ಅಲ್ಲಿ ಹುಳಿಕಿತ್ತಳೆ ರಸ ಹಾಕ್ತಾರೆ, ಅದಿಲ್ಲದಿದ್ರೆ ಎರಡು ಪಾಲು ಕಿತ್ತಳೆ ರಸಕ್ಕೆ ಒಂದು ಪಾಲು ನಿಂಬೆರಸ. ಅಚಿಯೋಟೆಯ ಮಣ್ಣು ವಾಸನೆಗೆ ಎದುರು ನಿಲ್ಲೋದು ಹುಳಿ ಒಂದೇ, ಒರೆಗಾನೋ ಅದರ ಕೈ ಹಿಡಿಯುತ್ತೆ ಅಷ್ಟೇ. ಮತ್ತೆ ಈ ಬೀಜದ ಮುಖ್ಯ ಬಣ್ಣ ಬಿಕ್ಸಿನ್, ಕೊಬ್ಬಿನಲ್ಲಿ ಕರಗೋದು, ಹಾಗಾಗಿ ಎಣ್ಣೆ ಇಲ್ಲದ ತರಕಾರಿಗೆ ಹಾಗೇ ಹಚ್ಚಿದ್ರೆ ಮೇಲೆ ಬಣ್ಣ ಬಳಿದಂಗೆ ಇರುತ್ತೆ, ಒಳಗೆ ಹೋಗಲ್ಲ. ಬೀಜ ಕಲ್ಲಿನ ಥರ ಗಟ್ಟಿ ಬೇರೆ, ರಾತ್ರಿಯೇ ರಸದಲ್ಲಿ ನೆನೆಸಿಡಿ, ಇಲ್ಲಾಂದ್ರೆ ಮಿಕ್ಸಿ ಜಾರ್ ನಿಮ್ಮನ್ನ ಶಪಿಸುತ್ತೆ.

ಒಂದು ತಮಾಷೆ ನೋಡಿ, ಈ ಮುದ್ದೆಯಲ್ಲಿ ಅಚಿಯೋಟೆ, ಆಲ್‌ಸ್ಪೈಸ್, ಒರೆಗಾನೋ ಮೂರು ಮಾತ್ರ ಅಮೆರಿಕಾ ಖಂಡದವು. ಜೀರಿಗೆ, ಬೆಳ್ಳುಳ್ಳಿ, ಕಿತ್ತಳೆ, ಲವಂಗ, ಕಾಳುಮೆಣಸು ಎಲ್ಲ ಸ್ಪೇನಿನವರು ಬಂದ ಮೇಲೆ ಹಡಗಲ್ಲಿ ಬಂದಿದ್ದು, 1565ರಿಂದ 1815ರ ತನಕ ಮನಿಲಾದಿಂದ ಅಕಪುಲ್ಕೋಗೆ ಏಷ್ಯಾದ ಸರಕು ಹೊತ್ತು ಹಡಗು ಓಡಾಡ್ತಾನೇ ಇದ್ವು. ಇವತ್ತು ಯುಕಟಾನ್‌ನ ರುಚಿ ಅಂತ ನಾವು ಬಾಯಿ ಚಪ್ಪರಿಸೋದು ಒಂದು ಕಾಲದಲ್ಲಿ ಯಾರೋ ಮಾಡಿದ ಪ್ರಯೋಗವೇ ಅಲ್ವಾ, ಹಾಗಾಗಿ "ಅಸಲಿ ಅಳತೆ ಯಾವುದು" ಅಂತ ಜಗಳಕ್ಕೆ ಬರೋ ಪತ್ರಗಳಿಗೆ ನಾನು ಉತ್ತರ ಬರೆಯಲ್ಲ.

ಮಸಾಲೆ ಡಬ್ಬಿಯೊಳಗೆ ಗಂಟು ಕಟ್ಟುತ್ತೆ.

ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಗಾಳಿಯ ತೇವ ಎಳ್ಕೊಳ್ಳುತ್ತೆ. ಕುದಿಯೋ ಪಾತ್ರೆ ಮೇಲೆ ಡಬ್ಬಿ ಬಗ್ಗಿಸಿ ಉದುರಿಸೋ ಅಭ್ಯಾಸ ಬಿಡಿ, ಹಬೆ ಪೂರ್ತಿ ಒಳಗೆ ಹೋಗುತ್ತೆ, ಒಣ ಚಮಚದಲ್ಲಿ ತೆಗೆದು ಹಾಕಿ. ಒಲೆ ಪಕ್ಕದ ಶೆಲ್ಫ್ ಬೇಡ, ಬೆಳಕು ಬೀಳೋ ಗಾಜಿನ ಸೀಸೆ ಬೇಡ. ಒರೆಗಾನೋ ಎಲೆ ಒಂದು ವರ್ಷ ಚೆನ್ನಾಗಿರುತ್ತೆ, ಕಲಸಿದ ಪುಡಿ ಮೂರು ತಿಂಗಳಿಗಾಗೋಷ್ಟೇ ಮಾಡಿ. ತಾರೀಖು ನೋಡೋದಕ್ಕಿಂತ ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ, ಬರೀ ಒಣ ಹುಲ್ಲಿನ ವಾಸನೆ ಬಂದ್ರೆ ಅದಾಯ್ತು.

ಒರೆಗಾನೋ, ಹಸಿ ಬೆಳ್ಳುಳ್ಳಿ, ಮೆಣಸಿನಕಾಯಿ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿಟ್ಟಿದೀನಿ, ಹದಿನೈದು ದಿನ ಆಯ್ತು, ಘಮ ಅಂದ್ರೆ ಘಮ. ಎಷ್ಟು ದಿನ ಇಡಬಹುದು?

ಹೊರಗಡೆ ಇಟ್ಟಿದ್ರೆ ಇವತ್ತೇ ಬಿಸಾಕಿ. ಘಮ ಎಷ್ಟೇ ಇದ್ರೂ ಸರಿ. ಹಸಿ ಬೆಳ್ಳುಳ್ಳಿಯಲ್ಲಿ ಹುಳಿ ಕಮ್ಮಿ, ನೀರಿನಂಶ ಇದೆ, ಮೇಲೆ ಎಣ್ಣೆ ಮುಚ್ಚಿದ್ರಿಂದ ಗಾಳಿ ಇಲ್ಲ, ಬಾಟುಲಿಸಂ ತರೋ ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಮನೆ ಬೇಡ. ಅದರ ವಿಷ ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗಲ್ಲ. ಅಪರೂಪ ಹೌದು, ಆದ್ರೆ ಬಂದ್ರೆ ಜೀವಕ್ಕೇ ಅಪಾಯ. ಮಾಡೋದಾದ್ರೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಆ ಘಮ ತಿಂಗಳುಗಟ್ಟಲೆ ಬೇಕು ಅಂದ್ರೆ ಎಣ್ಣೆ ಬಿಟ್ಟು ವಿನಿಗರ್‌ಗೆ ಹೋಗಿ. ಹಾಲಪೆನ್ಯೊ, ಕ್ಯಾರೆಟ್, ಈರುಳ್ಳಿ, ಬೆಳ್ಳುಳ್ಳಿ ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ ಮುಳುಗೋಷ್ಟು ವಿನಿಗರ್, ಅರ್ಧದಷ್ಟು ನೀರು, ಉಪ್ಪು, ಬೇ ಲೀಫ್, ಒಂದು ಚಮಚ ಮೆಕ್ಸಿಕನ್ ಒರೆಗಾನೋ ಹಾಕಿ ಕುದಿಸಿದ್ರೆ ಎಸ್ಕಬೇಚೆ ಆಯ್ತು, ಫ್ರಿಜ್‌ನಲ್ಲಿ ಮೂರ್ನಾಲ್ಕು ವಾರ ಇರುತ್ತೆ, ಎರಡನೇ ದಿನದಿಂದ ರುಚಿ ಏರ್ತಾ ಹೋಗುತ್ತೆ.

ಕುಂಡದಲ್ಲಿ ಬೆಳೀಬಹುದಾ?

ಬೆಳೀಬಹುದು, ಪೊದೆ ಅದು, ನೆಲದಲ್ಲಾದ್ರೆ ಆಳೆತ್ತರ ಹೋಗುತ್ತೆ, ಕುಂಡದಲ್ಲಿ ಕತ್ತರಿಸ್ತಾ ಇರಬೇಕು. ಬಿಸಿಲು ಬೇಕು, ನೀರು ನಿಲ್ಲಬಾರದು, ಗೊಬ್ಬರದ ಮುದ್ದು ಬೇಡ. ನರ್ಸರಿಯಲ್ಲಿ "ಒರೆಗಾನೋ" ಅಂತ ದಪ್ಪ ರಸಭರಿತ ಎಲೆಯ ಗಿಡ ಕೊಟ್ರೆ ಅದು ದೊಡ್ಡಪತ್ರೆ, ನೀವು ಹುಡುಕ್ತಿರೋದಕ್ಕೆ ತೆಳು ಒರಟು ಎಲೆ, ಕಾಂಡ ಕಡ್ಡಿ ಥರ, ಸಣ್ಣ ಬಿಳಿ ಹೂವು. ಹಸಿ ಎಲೆ ಕಿತ್ತು ತಕ್ಷಣ ಹಾಕಿದ್ರೆ ನಂಗೇನೋ ಅಷ್ಟು ಇಷ್ಟ ಆಗಲ್ಲ, ರೆಂಬೆ ಕತ್ತರಿಸಿ ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ ಗರಿಗರಿ ಆದ ಮೇಲೆ ಎಲೆ ಬಿಡಿಸ್ಕೊಳ್ಳಿ. ಮಿಕ್ಸಿ ಕಡೆ ಮಾತ್ರ ತಿರುಗಿಯೂ ನೋಡ್ಬೇಡಿ.